ಹಾಡು ಹಾಡಿದವರದೋ, ಕೇಳಿದವರದೋ?



ಒಬ್ಬ ಹಾಡುಗಾರ ತಾನೇ ಕಟ್ಟಿದ ಹಾಡೊಂದನ್ನು, ಮನಸ್ಸಿಗೆ ಒಪ್ಪಿಗೆಯಾಗದ ಕಾರಣ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದನೆಂದು ಭಾವಿಸಿರಿ. ಆ ಹಾಡನ್ನು ಕೇಳಲು ಹಂಬಲಿಸುವ ಸಾವಿರಾರು ಮಂದಿ ಇದ್ದಾರೆ. ಅವರು ಅವನ ಶತ್ರುಗಳಲ್ಲ. ಅವನ ಏಳುಬೀಳುಗಳಲ್ಲಿ ಬಿಡದೆ ಜೊತೆಗಿದ್ದವರು, ಅವನ ಹಾಡುಗಳನ್ನು ತಮ್ಮ ಮನೆಯ ಸುಖದುಃಖಗಳೊಂದಿಗೆ ಬೆಸೆದುಕೊಂಡವರು. ಅವರಲ್ಲೊಬ್ಬನಿಗೆ ಆ ಪೆಟ್ಟಿಗೆಯ ಬೀಗದ ಕೈ ದೊರೆಯಿತು. ಅವನು ಅದನ್ನು ತೆರೆಯಬಹುದೇ? ತೆರೆದು ತನ್ನಂಥ ನಾಲ್ವರಿಗೆ ಕೇಳಿಸಬಹುದೇ?

ಕೂಡದು ಎಂದು ಥಟ್ಟನೆ ಹೇಳಿ ಮುಗಿಸಿಬಿಡಬಹುದು. ಏಳನೆಯ ಕಟ್ಟಳೆ ಕಳ್ಳತನವನ್ನು ನಿಷೇಧಿಸುತ್ತದೆ. ಗುರುಮಠದ ನೀತಿಶಾಸ್ತ್ರದ ತರಗತಿಯಲ್ಲಾದರೆ ಈ ಪ್ರಶ್ನೆಗೆ ಎರಡು ನಿಮಿಷ ಸಾಕಾಗುತ್ತಿತ್ತು. ಆದರೆ ಬಾಬ್ ಡಿಲನ್ ಎಂಬ ಅಮೆರಿಕದ ಹಾಡುಗಾರರ ಅಭಿಮಾನಿಗಳು ಐದು ದಶಕಗಳಿಗೂ ಮಿಗಿಲಾಗಿ ತಮ್ಮತಮ್ಮಲ್ಲೇ ನಡೆಸಿಕೊಂಡು ಬಂದಿರುವ ವಾದವನ್ನು ಗಮನಿಸಿದಾಗ, ಆ ಎರಡು ನಿಮಿಷದ ಉತ್ತರ ಸಾಲದೆಂದು ತೋರುತ್ತದೆ. ಪ್ರೀತಿಯು ನಮಗೆ ಹಕ್ಕನ್ನು ಕೊಡುತ್ತದೆಯೇ, ಕೊಟ್ಟರೆ ಎಲ್ಲಿಯವರೆಗೆ ಎಂಬುದೇ ಅವರ ವಾದದ ತಿರುಳು. ಅದು ಹಾಡಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ.

ಡಿಲನ್ ಅವರ ಹೆಸರನ್ನು ನಿಮ್ಮಲ್ಲಿ ಹಲವರು 2016ರಲ್ಲಿ ಸಾಹಿತ್ಯದ ನೊಬೆಲ್ ಪುರಸ್ಕಾರ ಬಂದಾಗ ಕೇಳಿರಬಹುದು. ಹಿರಿಯರಲ್ಲಿ ಕೆಲವರು ಗಾಳಿಯಲ್ಲಿ ತೇಲುವ ಉತ್ತರದ ಕುರಿತಾದ ಅವರ ಹಾಡನ್ನು ಕಾಲೇಜಿನ ದಿನಗಳಲ್ಲಿ ಗಿಟಾರಿನೊಂದಿಗೆ ಹಾಡಿರಲೂಬಹುದು. 1941ರಲ್ಲಿ ಮಿನ್ನೆಸೋಟ ರಾಜ್ಯದ ಡುಲುತ್ ಪಟ್ಟಣದ ಯೆಹೂದ್ಯ ಕುಟುಂಬವೊಂದರಲ್ಲಿ ಹುಟ್ಟಿದ ರಾಬರ್ಟ್ ಜಿಮ್ಮರ್‌ಮನ್, ಬಾಬ್ ಡಿಲನ್ ಎಂಬ ಹೆಸರಿನಲ್ಲಿ 1962ರಲ್ಲಿ ಮೊದಲ ಧ್ವನಿಮುದ್ರಿಕೆಯನ್ನು ತಂದರು. ಗಿಟಾರ್ ಮತ್ತು ಮೌತ್ ಆರ್ಗನ್ ಹಿಡಿದು ಜಾನಪದ ಧಾಟಿಯಲ್ಲಿ ಹಾಡುತ್ತಿದ್ದವರು 1965ರಲ್ಲಿ ವಿದ್ಯುತ್ ಗಿಟಾರ್ ಹಿಡಿದು ರಾಕ್ ಸಂಗೀತದತ್ತ ತಿರುಗಿದರು. 1997ರ ಸೆಪ್ಟೆಂಬರ್‌ನಲ್ಲಿ ಇಟಲಿಯ ಬೊಲೊನ್ಯಾ ನಗರದಲ್ಲಿ ನಡೆದ ಪರಮಪ್ರಸಾದ ಸಮ್ಮೇಳನದಲ್ಲಿ ಪೋಪ್ ಎರಡನೇ ಜಾನ್ ಪಾಲರ ಮುಂದೆ ಹಾಡಿದವರೂ ಅವರೇ. ಅಂದಿನ ಕಾರ್ಡಿನಲ್ ರಾಟ್ಸಿಂಗರ್ ಅವರಿಗೆ ಆ ಆಹ್ವಾನ ಅಷ್ಟಾಗಿ ಹಿಡಿಸಿರಲಿಲ್ಲವೆಂಬುದನ್ನು ಮುಂದೆ ಅವರೇ ಬರೆದರು. ಅದು ಬೇರೆ ಕಥೆ.

ನಮ್ಮ ಪ್ರಶ್ನೆಗೆ ಸಂಬಂಧಿಸಿದ ಕಥೆ ಆರಂಭವಾಗುವುದು ಒಂದು ಮನೆಯ ನೆಲಮಾಳಿಗೆಯಲ್ಲಿ. 1966ರ ಜುಲೈಯಲ್ಲಿ ಡಿಲನ್ ಮೋಟಾರ್ ಸೈಕಲ್ ಅಪಘಾತಕ್ಕೀಡಾದರು. ಅದುವರೆಗಿನ ಬಿಡುವಿಲ್ಲದ ಓಡಾಟ ಅಲ್ಲಿಗೆ ನಿಂತಿತು. ಮರುವರ್ಷ ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್ ಸಮೀಪದ ಹಳ್ಳಿಗಾಡಿನಲ್ಲಿ, ಮುಂದೆ ದಿ ಬ್ಯಾಂಡ್ ಎಂದು ಹೆಸರಾದ ಸಂಗಡಿಗರೊಂದಿಗೆ ಅವರು ಬಾಡಿಗೆ ಮನೆಯ ನೆಲಮಾಳಿಗೆಯಲ್ಲಿ ಕುಳಿತು ನೂರಕ್ಕೂ ಹೆಚ್ಚು ಹಾಡುಗಳನ್ನು ಹಾಡಿ ಟೇಪಿಗೆ ಹಿಡಿದರು. ಹಳೆಯ ಹಾಡುಗಳು, ಅರ್ಧಕ್ಕೆ ಬಿಟ್ಟ ಹಾಡುಗಳು, ನಗುತ್ತಾ ಕಟ್ಟಿದ ಹಾಡುಗಳು, ನಡುವೆ ಕೆಲವು ಅಮೂಲ್ಯ ಹಾಡುಗಳು. ಜನರಿಗೆಂದು ಹಾಡಿದವಲ್ಲ. ಅವುಗಳಲ್ಲಿ ಹದಿನಾಲ್ಕನ್ನು ಮಾತ್ರ ಆಯ್ದು, ಬೇರೆ ಹಾಡುಗಾರರು ಬೇಕಿದ್ದರೆ ಹಾಡಿಕೊಳ್ಳಲೆಂದು ಮಾದರಿಯಾಗಿ ಹಂಚಲಾಯಿತು.

ಆ ಮಾದರಿ ಕೈಯಿಂದ ಕೈಗೆ ಜಾರಿತು. 1969ರ ಬೇಸಿಗೆಯಲ್ಲಿ ಲಾಸ್ ಏಂಜಲೀಸ್ ನಗರದ ಅಂಗಡಿಗಳಲ್ಲಿ ಬಿಳಿಯ ಹೊದಿಕೆಯ ಎರಡು ಗ್ರಾಮಫೋನ್ ತಟ್ಟೆಗಳು ಮಾರಾಟಕ್ಕೆ ಬಂದವು. ಹೊದಿಕೆಯ ಮೇಲೆ ಹಾಡುಗಾರರ ಹೆಸರಿಲ್ಲ, ಕಂಪನಿಯ ಹೆಸರಿಲ್ಲ. ಜನ ಅದನ್ನು 'ಗ್ರೇಟ್ ವೈಟ್ ವಂಡರ್' ಎಂದು ಕರೆದರು. ಒಳಗೆ ನೆಲಮಾಳಿಗೆಯ ಕೆಲವು ಹಾಡುಗಳಿದ್ದವು. 1961ರಲ್ಲಿ, ಡಿಲನ್ ಇನ್ನೂ ಯಾರಿಗೂ ತಿಳಿಯದ ಹುಡುಗನಾಗಿದ್ದಾಗ, ಮಿನ್ನಿಯಾಪೊಲಿಸ್‌ನಲ್ಲಿ ಪರಿಚಿತರ ಮುಂದೆ ಹಾಡಿದ ಹಾಡುಗಳೂ ಇದ್ದವು. ರಾಕ್ ಸಂಗೀತದ ಲೋಕದಲ್ಲಿ ಹೆಸರು ಮಾಡಿದ ಮೊದಲ ಬೂಟ್‌ಲೆಗ್ ಅದು. ಬೂಟಿನ ಕಾಲಿನೊಳಗೆ ಮದ್ಯದ ಬಾಟಲಿಯನ್ನು ಅಡಗಿಸಿ ಸಾಗಿಸುತ್ತಿದ್ದವರಿಂದ ಬಂದ ಪದ. ನಮ್ಮ ಮಾತಿನಲ್ಲಿ ಕಳ್ಳಭಟ್ಟಿ ಎಂದರೆ ಸರಿಹೋದೀತು.

ಕಳ್ಳಭಟ್ಟಿ ಮಾರಿದವರು ಹಣ ಮಾಡಿದರು. ಅವರ ಕುರಿತು ಹೆಚ್ಚು ಯೋಚಿಸಬೇಕಾಗಿಲ್ಲ. ಇನ್ನೊಬ್ಬರ ಹೊಲದ ಪೈರನ್ನು ಕೊಯ್ದು ಸಂತೆಯಲ್ಲಿ ಮಾರಿದವನಿಗೆ ಏನು ಹೆಸರೋ ಅವರಿಗೂ ಅದೇ ಹೆಸರು. ಯೋಚಿಸಬೇಕಾದುದು ಮತ್ತೊಂದು ಗುಂಪಿನ ಕುರಿತು. ಡಿಲನ್ ಅವರ ಕಛೇರಿಗಳಿಗೆ ಅಂಗಿಯೊಳಗೆ ಪುಟ್ಟ ಟೇಪ್ ರೆಕಾರ್ಡರನ್ನು ಅಡಗಿಸಿಕೊಂಡು ಹೋಗಿ, ಎರಡು ಗಂಟೆ ಕೆಮ್ಮದೆ ಅಲುಗಾಡದೆ ಕುಳಿತು, ಮನೆಗೆ ಬಂದು ಅದರ ಪ್ರತಿಗಳನ್ನು ಮಾಡಿ ಅಂಚೆಯಲ್ಲಿ ಇತರರಿಗೆ ಕಳುಹಿಸುತ್ತಿದ್ದವರು ಇವರು. ಇವರಲ್ಲಿ ಬಹುಪಾಲು ಜನ ಹಣ ಮುಟ್ಟುತ್ತಿರಲಿಲ್ಲ. ಒಂದು ಕ್ಯಾಸೆಟ್ ಕಳುಹಿಸಿದರೆ ಇನ್ನೊಂದು ಕ್ಯಾಸೆಟ್ ಬರಬೇಕು. ಬದಲಿಗೆ ಕೊಡಲು ಏನೂ ಇಲ್ಲದ ಹೊಸಬರು ಖಾಲಿ ಕ್ಯಾಸೆಟ್ಟನ್ನೂ ಅಂಚೆಯ ವೆಚ್ಚವನ್ನೂ ಕಳುಹಿಸಿದರೆ ಸಾಕು. ಕ್ಯಾಸೆಟ್ಟಿನ ಗುಣವೆಂದರೆ ಪ್ರತಿಯಿಂದ ಪ್ರತಿ ಮಾಡಿದಂತೆಲ್ಲಾ ಹಿನ್ನೆಲೆಯ ಬುಸುಗುಟ್ಟುವಿಕೆ ಹೆಚ್ಚಿ ಹಾಡು ದೂರವಾಗುತ್ತದೆ. ಆದುದರಿಂದ ನಿಮ್ಮ ಬಳಿಯಿರುವುದು ಮೂಲದಿಂದ ಎಷ್ಟನೆಯ ಪೀಳಿಗೆಯ ಪ್ರತಿ ಎಂಬುದು ಅವರಲ್ಲಿ ಬಲು ದೊಡ್ಡ ವಿಷಯ. ಮದುವೆ ಮಾತುಕತೆಯಲ್ಲಿ ವಂಶ ವಿಚಾರಿಸುವಷ್ಟೇ ಗಾಂಭೀರ್ಯದಿಂದ ಅದನ್ನು ವಿಚಾರಿಸುತ್ತಿದ್ದರು.

ಇಷ್ಟೊಂದು ಶ್ರಮ ಏಕೆಂದು ನೀವು ಕೇಳಬಹುದು. ಹಾಡುಗಳು ಅಂಗಡಿಯಲ್ಲೇ ಸಿಗುತ್ತಿದ್ದವಲ್ಲ? ಉತ್ತರ ಡಿಲನ್ ಹಾಡುವ ರೀತಿಯಲ್ಲಿದೆ. ಮುದ್ರಿಕೆಯಲ್ಲಿ ಕೇಳಿದ ಹಾಡನ್ನು ಅವರು ವೇದಿಕೆಯಲ್ಲಿ ಹಾಗೆಯೇ ಹಾಡುವುದು ಅಪರೂಪ. ಧಾಟಿ ಬದಲಾಗುತ್ತದೆ, ವೇಗ ಬದಲಾಗುತ್ತದೆ, ಕೆಲವೊಮ್ಮೆ ಮಾತುಗಳೇ ಬದಲಾಗುತ್ತವೆ. ಮೂರನೆಯ ಚರಣ ಬರುವವರೆಗೆ ಅದು ಯಾವ ಹಾಡೆಂದು ಗುರುತಿಸಲಾಗದೆ ಪೇಚಾಡಿದವರಿದ್ದಾರೆ. 1988ರ ಜೂನ್‌ನಿಂದ 2019ರವರೆಗೆ ಅವರು ಮೂರು ಸಾವಿರಕ್ಕೂ ಮಿಕ್ಕಿ ಕಛೇರಿಗಳನ್ನು ನಡೆಸಿದರು. ಯಾವ ರಾತ್ರಿ ಯಾವ ಊರಿನಲ್ಲಿ ಯಾವ ಹಾಡನ್ನು ಎಷ್ಟನೆಯದಾಗಿ ಹಾಡಿದರೆಂಬ ಪಟ್ಟಿಗಳನ್ನು ಅಭಿಮಾನಿಗಳು ಕಾಪಾಡಿದ್ದಾರೆ. ಒಂದೇ ಹಾಡಿನ ಎರಡು ರಾತ್ರಿಗಳನ್ನು ಪಕ್ಕಪಕ್ಕದಲ್ಲಿಟ್ಟು ಗಂಟೆಗಟ್ಟಲೆ ಚರ್ಚಿಸಿದ್ದಾರೆ. ಸಂಗೀತ ವಿಮರ್ಶಕರಾದ ಪಾಲ್ ವಿಲಿಯಮ್ಸ್ ಡಿಲನ್ ಅವರ ಮೇಲೆ ಬರೆದ ಸಂಪುಟಗಳಲ್ಲಿ ಇದನ್ನೇ ವಾದವಾಗಿ ಮುಂದಿಟ್ಟರು: ಡಿಲನ್ ಮುಖ್ಯವಾಗಿ ಬರಹಗಾರರಲ್ಲ, ಹಾಡುವ ಕ್ಷಣದಲ್ಲಿ ಸೃಷ್ಟಿಸುವ ಕಲಾವಿದರು. ಈ ಮಾತನ್ನು ಒಪ್ಪಿದರೆ, ಟೇಪಿಗೆ ಸಿಕ್ಕದ ರಾತ್ರಿಯೆಂದರೆ ಸುಟ್ಟುಹೋದ ಪುಸ್ತಕವಿದ್ದಂತೆ.

ಅಂಥ ಒಂದು ರಾತ್ರಿ 1966ರ ಮೇ 17. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಫ್ರೀ ಟ್ರೇಡ್ ಸಭಾಂಗಣ. ಮೊದಲರ್ಧ ಡಿಲನ್ ಒಬ್ಬರೇ ನಿಂತು ಹಾಡಿದರು. ಎರಡನೆಯ ಅರ್ಧದಲ್ಲಿ ವಿದ್ಯುತ್ ವಾದ್ಯಗಳ ತಂಡ ಬಂದಿತು. ಜಾನಪದ ಸಂಗೀತಕ್ಕೆ ದ್ರೋಹವಾಯಿತೆಂದು ಕುದಿಯುತ್ತಿದ್ದ ಪ್ರೇಕ್ಷಕರೊಬ್ಬರು ಹಾಡುಗಳ ನಡುವಿನ ಮೌನದಲ್ಲಿ ಎದ್ದು ಹಾಡುಗಾರರನ್ನು ಯೂದಾಸನೆಂದು ಕೂಗಿ ಕರೆದರು. ತನ್ನ ಗುರುವನ್ನು ಮೂವತ್ತು ಬೆಳ್ಳಿ ನಾಣ್ಯಕ್ಕೆ ಮಾರಿದವನ ಹೆಸರು ಅದು. ಡಿಲನ್ ಸಿಡುಕಿನ ಉತ್ತರ ಕೊಟ್ಟು ಮುಂದಿನ ಹಾಡನ್ನು ಕಿವಿಗಡಚಿಕ್ಕುವಂತೆ ಹಾಡಿದರು. ಆ ರಾತ್ರಿಯ ಧ್ವನಿಮುದ್ರಣ ಕಂಪನಿಯ ಬಳಿಯಿತ್ತು, ಆದರೆ ಹೊರಬರಲಿಲ್ಲ. ಕಳ್ಳದಾರಿಯಲ್ಲಿ ಹೊರಬಿದ್ದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ ಎಂಬ ತಪ್ಪು ಹೆಸರಿನಲ್ಲಿ ಸುಮಾರು ಮೂರು ದಶಕ ಕಾಲ ಹರಿದಾಡಿ, ಕೊನೆಗೆ 1998ರಲ್ಲಿ ಅಧಿಕೃತವಾಗಿ ಪ್ರಕಟವಾಯಿತು. ಅಷ್ಟರಲ್ಲಿ ಕೇಳಬೇಕಾದವರೆಲ್ಲ ಕೇಳಿಯಾಗಿತ್ತು. ತಪ್ಪು ಹೆಸರು ಎಷ್ಟು ರೂಢಿಯಾಗಿತ್ತೆಂದರೆ ಕಂಪನಿಯವರು ಅದನ್ನೇ ಉದ್ಧರಣ ಚಿಹ್ನೆಯೊಳಗಿಟ್ಟು ಮುಖಪುಟದಲ್ಲಿ ಉಳಿಸಿಕೊಂಡರು.

ಯೂದಾಸನೆಂದು ಕೂಗಿದವರ ಮನಸ್ಸನ್ನು ತುಸು ನೋಡಬೇಕು. ಅದು ದ್ವೇಷದ ಕೂಗಲ್ಲ. ಪ್ರೀತಿಯು ತನ್ನದನ್ನು ಕಳೆದುಕೊಂಡೆನೆಂದು ಭಾವಿಸಿದಾಗ ಹೊರಡುವ ಕೂಗು. ನೀನು ನಮ್ಮವನು, ನಮಗೆ ಬೇಕಾದಂತೆ ಹಾಡಬೇಕು ಎಂಬ ಒಡೆತನದ ಭಾವ ಅದರಲ್ಲಿದೆ. ಪೆಟ್ಟಿಗೆಯ ಬೀಗ ತೆರೆಯುವವರಲ್ಲಿಯೂ ಇದೇ ಭಾವ ಇನ್ನೊಂದು ರೂಪದಲ್ಲಿರುತ್ತದೆ. ಅಭಿಮಾನಿಗಳು ತಮ್ಮೊಳಗೆ ನಡೆಸುವ ಚರ್ಚೆಗಳಲ್ಲಿ ನನಗೆ ಗೌರವ ಮೂಡಿಸುವುದು, ಅವರಲ್ಲಿ ಹಲವರು ಇದನ್ನು ತಾವಾಗಿಯೇ ಗುರುತಿಸಿಕೊಂಡಿರುವುದು.

ಆದರೆ ಅವರ ಪರವಾಗಿಯೂ ಗಟ್ಟಿಯಾದ ಮಾತೊಂದಿದೆ. 1979ರಲ್ಲಿ ಡಿಲನ್ ಕ್ರೈಸ್ತ ವಿಶ್ವಾಸವನ್ನು ಬಹಿರಂಗವಾಗಿ ಸಾರುವ ಹಾಡುಗಳ ಮುದ್ರಿಕೆಯನ್ನು ತಂದರು. ಆ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಾರ್‌ಫೀಲ್ಡ್ ರಂಗಮಂದಿರದಲ್ಲಿ ಹದಿನಾಲ್ಕು ಕಛೇರಿಗಳನ್ನು ನಡೆಸಿದರು. ಹಳೆಯ ಒಂದು ಹಾಡನ್ನೂ ಹಾಡಲಿಲ್ಲ. ಎಲ್ಲವೂ ಹೊಸ ಭಕ್ತಿಗೀತೆಗಳೇ, ನಡುನಡುವೆ ಪ್ರಬೋಧನೆಯ ಧಾಟಿಯ ಮಾತುಗಳು. ಪ್ರೇಕ್ಷಕರಲ್ಲಿ ಹಲವರು ರೇಗಿದರು, ಕೆಲವರು ಎದ್ದು ಹೋದರು, ಪತ್ರಿಕೆಗಳು ಗೇಲಿ ಮಾಡಿದವು. ಆ ಪ್ರವಾಸಗಳ ಧ್ವನಿಮುದ್ರಿಕೆಯನ್ನು ಕಂಪನಿ ಆಗ ತರಲಿಲ್ಲ. ವೇದಿಕೆಯಲ್ಲಿ ಮಾತ್ರ ಹಾಡಿ ಎಂದೂ ಮುದ್ರಿಕೆಯಾಗದ ಹಾಡುಗಳೂ ಅಲ್ಲಿದ್ದವು. ಹಾಡುಗಾರರೇ ಮುಂದೆ ಹಳೆಯ ಹಾಡುಗಳಿಗೆ ಮರಳಿದಾಗ, ಆ ಎರಡು ವರ್ಷಗಳು ಒಂದು ವಿಚಿತ್ರ ಪ್ರಸಂಗವೆಂಬಂತೆ ಬದಿಗೆ ಸರಿದವು. 2017ರಲ್ಲಿ ಆ ಕಛೇರಿಗಳು ಅಧಿಕೃತವಾಗಿ ಹೊರಬಂದಾಗ, ಅದು ಅವರ ಜೀವನದ ಅತ್ಯಂತ ತೀವ್ರವಾದ ಗಾಯನವೆಂದು ಅನೇಕರು ಮೆಚ್ಚಿ ಬರೆದರು. ನಡುವಿನ ಮೂವತ್ತೇಳು ಮೂವತ್ತೆಂಟು ವರ್ಷ ಅದನ್ನು ಜೀವಂತವಾಗಿಟ್ಟವರು ಯಾರು? ಅಂಗಿಯೊಳಗೆ ಟೇಪ್ ರೆಕಾರ್ಡರ್ ಅಡಗಿಸಿಕೊಂಡು ಕುಳಿತ ಆ ಪ್ರೇಕ್ಷಕರು. ಅವರಲ್ಲಿ ಎಲ್ಲರೂ ವಿಶ್ವಾಸಿಗಳಾಗಿದ್ದರೆಂದೇನೂ ಅಲ್ಲ.

ಇಲ್ಲಿ ನನಗೆ ಸಂತ ಅಗಸ್ಟೀನರ ಬದುಕಿನ ಎರಡು ಸಂಗತಿಗಳು ನೆನಪಾಗುತ್ತವೆ. ಹಿಪ್ಪೋ ನಗರದ ಧರ್ಮಾಧ್ಯಕ್ಷರಾಗಿ ಅವರು ದೇವಾಲಯದಲ್ಲಿ ಉಪದೇಶಿಸುತ್ತಿದ್ದಾಗ ಶೀಘ್ರಲಿಪಿಕಾರರು ಕುಳಿತು ಮಾತುಮಾತನ್ನೂ ಬರೆದುಕೊಳ್ಳುತ್ತಿದ್ದರು. ಇಂದು ನಮ್ಮ ಕೈಯಲ್ಲಿರುವ ಅವರ ನೂರಾರು ಪ್ರಬೋಧನೆಗಳು ಉಳಿದುಬಂದದ್ದು ಹೀಗೆ. 1990ರಲ್ಲಿ ಕೂಡ ಜರ್ಮನಿಯ ಮೈಂಝ್ ನಗರದ ಗ್ರಂಥಾಲಯದ ಹಸ್ತಪ್ರತಿಯೊಂದರಲ್ಲಿ ಫ್ರಾಂಸ್ವಾ ಡೋಲ್ಬೋ ಎಂಬ ವಿದ್ವಾಂಸರು ಅವರ ಇಪ್ಪತ್ತಾರು ಪ್ರಬೋಧನೆಗಳನ್ನು ಗುರುತಿಸಿದರು. ಲಿಪಿಕಾರರು ಬರೆದುಕೊಳ್ಳುವುದು ಅಗಸ್ಟೀನರಿಗೆ ತಿಳಿದಿತ್ತು. ಸಭೆಯ ಮುಂದೆ ಆಡಿದ ಮಾತು ಆಗಲೇ ಸಭೆಗೆ ಸಂದ ಮಾತಾಗಿತ್ತು.

ಎರಡನೆಯ ಸಂಗತಿ ಬೇರೆ ಬಗೆಯದು. ಪವಿತ್ರ ತ್ರಿತ್ವದ ಕುರಿತಾದ ತಮ್ಮ ಮಹಾಗ್ರಂಥವನ್ನು ಅವರು ಸುಮಾರು ಎರಡು ದಶಕಗಳ ಕಾಲ ಬರೆದರು. ಹನ್ನೆರಡನೆಯ ಭಾಗ ಇನ್ನೂ ಮುಗಿದಿರಲಿಲ್ಲ. ಅಷ್ಟರಲ್ಲಿ, ಕಾಯುವ ತಾಳ್ಮೆ ಕಳೆದುಕೊಂಡ ಮಿತ್ರರು ಅವರಿಗೆ ತಿಳಿಯದಂತೆ ಅದನ್ನು ತೆಗೆದುಕೊಂಡು ಹೋಗಿ ಪ್ರತಿ ಮಾಡಿಸಿ ಹಂಚಿಬಿಟ್ಟರು. ಅಗಸ್ಟೀನರು ಬಹಳವಾಗಿ ನೊಂದರು. ಗ್ರಂಥವನ್ನೇ ಅಲ್ಲಿಗೆ ಬಿಟ್ಟುಬಿಡಲು ನಿರ್ಧರಿಸಿದರು. ಕಾರ್ಥೇಜಿನ ಧರ್ಮಾಧ್ಯಕ್ಷ ಔರೇಲಿಯುಸರು ಮತ್ತು ಸಹೋದರರು ಒತ್ತಾಯಿಸಿದ ಮೇಲೆ ತಿದ್ದಿ, ಮುಂದುವರಿಸಿ, ಹದಿನೈದು ಭಾಗಗಳಲ್ಲಿ ಮುಗಿಸಿದರು. ನಡೆದುದನ್ನು ತಿಳಿಸುವ ಪತ್ರವನ್ನು ಗ್ರಂಥದ ಮುಂದೆ ಸೇರಿಸಬೇಕೆಂದೂ ಸೂಚಿಸಿದರು. ಕದ್ದವರು ಹಣಕ್ಕಾಗಿ ಕದಿಯಲಿಲ್ಲ. ಅವರಷ್ಟು ಆಸೆಯಿಂದ ಆ ಪುಸ್ತಕಕ್ಕಾಗಿ ಕಾದವರು ಬೇರಾರೂ ಇರಲಿಲ್ಲ. ಅದನ್ನು ಹೆಚ್ಚುಕಡಿಮೆ ಕೊಂದವರೂ ಅವರೇ.

ಈ ಎರಡು ಸಂಗತಿಗಳ ನಡುವಿನ ಅಂತರದಲ್ಲಿಯೇ ನಮ್ಮ ಪ್ರಶ್ನೆಗೆ ಬಹುಪಾಲು ಉತ್ತರ ಇದೆಯೆಂದು ನನ್ನ ಭಾವನೆ. ನೆರೆದ ಜನರ ಮುಂದೆ ಹಾಡಿದ ಹಾಡು ಕೊಟ್ಟಾದ ಹಾಡು. ಆ ಸಂಜೆಯಲ್ಲಿ ಕೇಳುವವರಿಗೂ ಪಾಲಿದೆ. ಅವರ ಚಪ್ಪಾಳೆ, ಅವರ ಅಸಮಾಧಾನ, ಯೂದಾಸನೆಂಬ ಕೂಗು ಕೂಡ ಆ ಹಾಡಿನ ಭಾಗವಾದವು. ಅದನ್ನು ನೆನಪಿನಲ್ಲಿಟ್ಟುಕೊಳ್ಳುವುದಕ್ಕೂ ಟೇಪಿನಲ್ಲಿಟ್ಟುಕೊಳ್ಳುವುದಕ್ಕೂ ಕಾನೂನು ದೊಡ್ಡ ಭೇದ ಮಾಡುತ್ತದೆ, ಮಾಡಬೇಕಾದುದೂ ನ್ಯಾಯವೇ. ಟಿಕೆಟ್ಟಿನ ಷರತ್ತನ್ನು ಒಪ್ಪಿ ಒಳಗೆ ಹೋದವನು ಅದನ್ನು ಪಾಲಿಸಬೇಕಾದವನೇ. ಆದರೂ ಅದು ಇನ್ನೊಬ್ಬರ ಬೀಗ ಮುರಿದಷ್ಟು ಭಾರವಾದ ಅಪರಾಧವಲ್ಲ. ಕ್ಯಾಲಿಫೋರ್ನಿಯದ ಗ್ರೇಟ್‌ಫುಲ್ ಡೆಡ್ ತಂಡದವರು ತಮ್ಮ ಕಛೇರಿಗಳನ್ನು ಮುದ್ರಿಸಿಕೊಳ್ಳಲು ಅಭಿಮಾನಿಗಳಿಗೆ ಅನುಮತಿಯನ್ನೇ ಕೊಟ್ಟರು, 1984ರಲ್ಲಿ ಅದಕ್ಕೆಂದೇ ಸಭಾಂಗಣದಲ್ಲಿ ಪ್ರತ್ಯೇಕ ಜಾಗ ಮೀಸಲಿಟ್ಟರು. ಮಾರಬಾರದೆಂಬುದೊಂದೇ ಅವರ ಷರತ್ತು. ಅದರಿಂದ ಅವರು ಬಡವರಾಗಲಿಲ್ಲ.

ಮುಚ್ಚಿದ ಕೋಣೆಯಲ್ಲಿ ಹಾಡಿ, ಕೇಳಿ, ಬೇಡವೆಂದು ಬದಿಗಿಟ್ಟ ಹಾಡಿನ ಮಾತು ಬೇರೆ. 1983ರಲ್ಲಿ ಡಿಲನ್, ಜಾರ್ಜಿಯ ರಾಜ್ಯದ ಹಳೆಯ ಕರಿಯ ಗಾಯಕರೊಬ್ಬರ ಹೆಸರಿನ 'ಬ್ಲೈಂಡ್ ವಿಲ್ಲಿ ಮ್ಯಾಕ್‌ಟೆಲ್' ಎಂಬ ಹಾಡನ್ನು ಧ್ವನಿಮುದ್ರಿಸಿದರು. ಗುಲಾಮಗಿರಿಯ ನೆನಪು ಹೊತ್ತ ಹಾಡು. ಆ ವರ್ಷದ ಮುದ್ರಿಕೆಯಿಂದ ಅದನ್ನು ಅವರೇ ಕೈಬಿಟ್ಟರು. ಅದು ಸೋರಿಹೋಗಿ ಅಭಿಮಾನಿಗಳ ಕೈ ಸೇರಿತು. ಅವರು ಅದನ್ನು ಅವರ ಶ್ರೇಷ್ಠ ಹಾಡುಗಳಲ್ಲೊಂದೆಂದು ಘೋಷಿಸಿದರು. ಹಾಡುಗಾರರ ವಿವೇಚನೆಯನ್ನೇ ಪ್ರಶ್ನಿಸಿದರು. 1991ರಲ್ಲಿ ಕಂಪನಿಯು ಬೂಟ್‌ಲೆಗ್ ಎಂಬ ಪದವನ್ನೇ ತನ್ನದಾಗಿಸಿಕೊಂಡು, ಬಾಕಿ ಉಳಿದ ಐವತ್ತೆಂಟು ಧ್ವನಿಮುದ್ರಣಗಳನ್ನು ಒಟ್ಟಿಗೆ ತಂದಾಗ ಅದೂ ಬೆಳಕು ಕಂಡಿತು. ದಿ ಬ್ಯಾಂಡ್ ತಂಡದವರು 1993ರಲ್ಲಿ ಅದನ್ನು ತಮ್ಮ ಮುದ್ರಿಕೆಯಲ್ಲಿ ಹಾಡಿದರು. 1997ರಿಂದ ಡಿಲನ್ ಅವರೇ ವೇದಿಕೆಯಲ್ಲಿ ಹಾಡತೊಡಗಿದರು. ಹಾಗಾದರೆ ಅಭಿಮಾನಿಗಳೇ ಸರಿ, ಹಾಡುಗಾರರೇ ತಪ್ಪು ಎನ್ನೋಣವೇ? ಹಾಡು ಪೂರ್ತಿಯಾಗಿರಲಿಲ್ಲ ಎಂಬುದು ಅವರ ವಿವರಣೆಯಾಗಿತ್ತು. ಕೇಳುವವನಿಗೆ ಸಂಪೂರ್ಣವೆನಿಸಿದ್ದು ಕಟ್ಟಿದವನಿಗೆ ಅರೆಬರೆ ಎನಿಸುವುದು ಅಪರೂಪವೇನಲ್ಲ. ಅಡುಗೆ ಮಾಡಿದ ಗೃಹಿಣಿಯನ್ನು ಕೇಳಿ ನೋಡಿರಿ.

ಇದಕ್ಕಿಂತ ಹೆಚ್ಚು ಚರ್ಚೆಗೆ ಒಳಗಾದದ್ದು 1974ರ ಪ್ರಸಂಗ. ಆ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಹಾಡಿ ಸಿದ್ಧಪಡಿಸಿದ ಮುದ್ರಿಕೆಯ ಪರೀಕ್ಷಾ ಪ್ರತಿಗಳೂ ತಯಾರಾದ ಮೇಲೆ ಡಿಲನ್ ಮನಸ್ಸು ಬದಲಿಸಿ, ಡಿಸೆಂಬರ್‌ನಲ್ಲಿ ಮಿನ್ನಿಯಾಪೊಲಿಸ್‌ನಲ್ಲಿ ಐದು ಹಾಡುಗಳನ್ನು ಹೊಸದಾಗಿ ಹಾಡಿದರು. ಮೊದಲಿನ ಪ್ರತಿ ಹೇಗೋ ಹೊರಬಿದ್ದಿತು. ಅಂದಿನಿಂದ ಯಾವುದು ಉತ್ತಮವೆಂಬ ಜಗಳ ಮುಗಿದಿಲ್ಲ. ಮೊದಲನೆಯದರಲ್ಲಿ ಒಡೆದ ಹೃದಯದ ಪಿಸುಮಾತು ಇದೆ, ಎರಡನೆಯದರಲ್ಲಿ ಅದನ್ನು ಮುಚ್ಚಿಕೊಂಡಿದ್ದಾರೆ ಎನ್ನುವವರು ಬಹಳ. ಇರಬಹುದು. ಆದರೆ ಮುಚ್ಚಿಕೊಳ್ಳುವುದು ಒಬ್ಬ ಮನುಷ್ಯನ ಹಕ್ಕಲ್ಲವೇ? ತನ್ನ ನೋವನ್ನು ಯಾವ ದನಿಯಲ್ಲಿ ಲೋಕದ ಮುಂದಿಡಬೇಕೆಂದು ನಿರ್ಧರಿಸುವವನು ನೋವುಂಡವನೇ.

ಪೆಟ್ಟಿಗೆ ಒಡೆದವನು ಹಾಡುಗಾರನಿಂದ ಕಸಿಯುವುದು ಹಣವನ್ನು ಮಾತ್ರವಲ್ಲ. ಹಣದ ನಷ್ಟ ತುಂಬಿಕೊಳ್ಳಬಹುದಾದದ್ದು. ಇನ್ನೂ ಆಗಿಲ್ಲ ಎಂದು ಹೇಳುವ ಅಧಿಕಾರವನ್ನು ಅವನು ಕಸಿಯುತ್ತಾನೆ. ಆ ಅಧಿಕಾರವಿಲ್ಲದೆ ಯಾವ ಕೆಲಸಗಾರನೂ ಕೆಲಸ ಮಾಡಲಾರ. ತಪ್ಪು ಮಾಡಲು, ಕೆಟ್ಟದಾಗಿ ಹಾಡಲು, ಒಂದು ಚರಣವನ್ನು ಹತ್ತು ಬಗೆಯಲ್ಲಿ ಹೊಸೆದು ನೋಡಲು ಅವನಿಗೊಂದು ಮುಚ್ಚಿದ ಬಾಗಿಲು ಬೇಕು. ಬಾಗಿಲ ಹಿಂದೆ ಕಿವಿಯೊಂದಿದೆ ಎಂದು ತಿಳಿದವನು ನೆಲಮಾಳಿಗೆಯ ಆ ಹಾಡುಗಳನ್ನು ಹಾಡುತ್ತಿರಲಿಲ್ಲ. ಆದುದರಿಂದ ಜೀವಂತವಿರುವ ಹಾಡುಗಾರ ಬೇಡವೆಂದರೆ, ಅವನ ಆ ತೀರ್ಮಾನ ತಪ್ಪಾಗಿದ್ದರೂ, ಅದಕ್ಕೆ ತಲೆಬಾಗಬೇಕೆಂದೇ ನನ್ನ ಅಭಿಪ್ರಾಯ. ತಪ್ಪು ತೀರ್ಮಾನ ಮಾಡುವ ಹಕ್ಕೂ ಅವನದೇ. ಡಿಲನ್ ಕಾಲಕ್ರಮದಲ್ಲಿ ತಮ್ಮ ಪೆಟ್ಟಿಗೆಯನ್ನು ತಾವೇ ತೆರೆದರು: 2014ರಲ್ಲಿ ನೆಲಮಾಳಿಗೆಯ ಹಾಡುಗಳು ಆರು ಸಿಡಿಗಳಾಗಿ ಬಂದವು, ಒಕ್ಲಹೋಮ ರಾಜ್ಯದ ಟಲ್ಸ ನಗರಕ್ಕೆ ಅವರ ಟಿಪ್ಪಣಿ ಪುಸ್ತಕಗಳೂ ಟೇಪುಗಳೂ ಸಂದಿರುವುದು 2016ರಲ್ಲಿ ಪ್ರಕಟವಾಯಿತು, 2022ರಲ್ಲಿ ಅಲ್ಲಿ ಅವರ ಹೆಸರಿನ ಕೇಂದ್ರವೇ ತೆರೆಯಿತು. ಹೊಡೆದು ಹಾಕಿದ ಸಾಲುಗಳನ್ನು ಈಗ ವಿದ್ವಾಂಸರು ಅನುಮತಿ ಪಡೆದು ಓದುತ್ತಾರೆ.

ಕಂಪನಿಗಳ ನೀತಿಯ ಬಗ್ಗೆ ಇಷ್ಟು ಗೌರವ ತಾಳಲು ನನ್ನಿಂದ ಸಾಧ್ಯವಾಗದು. ಐವತ್ತು ವರ್ಷದೊಳಗೆ ಪ್ರಕಟಿಸದ ಧ್ವನಿಮುದ್ರಣಗಳಿಗೆ ಹಕ್ಕಿನ ರಕ್ಷಣೆ ಇಲ್ಲವೆಂದು ಯೂರೋಪಿನ ಒಕ್ಕೂಟ 2011ರಲ್ಲಿ ನಿಯಮ ಮಾಡಿತು. ಮರುವರ್ಷದ ಕೊನೆಯಲ್ಲಿ ಸೋನಿ ಕಂಪನಿಯವರು ಡಿಲನ್ ಅವರ 1962ರ ಅಪ್ರಕಟಿತ ಹಾಡುಗಳನ್ನು ನೂರರಷ್ಟೇ ಪ್ರತಿ ಮಾಡಿ ಯೂರೋಪಿನ ಕೆಲವು ಅಂಗಡಿಗಳಿಗೆ ಕಳುಹಿಸಿದರು. ಕೇಳುವವರಿಗಾಗಿ ಅಲ್ಲ, ಹಕ್ಕು ಉಳಿಯಲೆಂದು. ಆ ಸಂಪುಟದ ಹೆಸರಿನಲ್ಲೇ ಅದನ್ನು ಬರೆದಿದ್ದರು. ಬೇಲಿ ಹಾಕುವುದಕ್ಕಾಗಿಯೇ ಬೀಜ ಬಿತ್ತಿದಂತೆ. ಇನ್ನೊಂದು ಸ್ವಾರಸ್ಯ: 2020ರ ಡಿಸೆಂಬರ್‌ನಲ್ಲಿ ಡಿಲನ್ ತಮ್ಮ ಹಾಡುಗಳ ಹಕ್ಕನ್ನು ಯೂನಿವರ್ಸಲ್ ಸಂಸ್ಥೆಗೆ ಮಾರಿದರು. ಹಾಡು ಹಾಡಿದವರದೋ ಕೇಳಿದವರದೋ ಎಂದು ನಾವು ಶೀರ್ಷಿಕೆಯಲ್ಲಿ ಕೇಳಿದೆವಲ್ಲ. ಕಾನೂನಿನ ಉತ್ತರ ಇಬ್ಬರದೂ ಅಲ್ಲ.

ಹಾಡುಗಾರ ತೀರಿಕೊಂಡ ಮೇಲೆ? ಇಲ್ಲಿ ನನ್ನ ಮಾತು ಅಷ್ಟು ಗಟ್ಟಿಯಾಗಿ ಹೊರಡುವುದಿಲ್ಲ. ಕಲ್ಕತ್ತದ ಸಂತ ತೆರೇಸಾರವರು ತಮ್ಮ ಅಂತರಂಗದ ಕತ್ತಲೆಯ ಕುರಿತು ಗುರುಗಳಿಗೆ ಬರೆದ ಪತ್ರಗಳನ್ನು ನಾಶಪಡಿಸಬೇಕೆಂದು ಬೇಡಿಕೊಂಡಿದ್ದರು. ಜನರ ಗಮನ ಯೇಸುವಿನಿಂದ ತಮ್ಮತ್ತ ತಿರುಗೀತೆಂಬ ಅಂಜಿಕೆ ಅವರದು. ಪತ್ರಗಳು ಉಳಿದವು. ಅವರು ತೀರಿಕೊಂಡ ಹತ್ತು ವರ್ಷಗಳ ನಂತರ, 2007ರಲ್ಲಿ, ಅವರ ಸಂತಪದವಿಯ ವಿಚಾರಣೆಯನ್ನು ಮುನ್ನಡೆಸುತ್ತಿದ್ದ ಗುರುಗಳೇ ಅವನ್ನು ಪುಸ್ತಕವಾಗಿ ತಂದರು. ಪ್ರಾರ್ಥನೆ ಬರಡಾಗಿ ದೇವರು ದೂರವಾದರೆಂದು ಕಣ್ಣೀರಿಡುವವರ ಕೈಗೆ ಆ ಪುಸ್ತಕವನ್ನು ನಾನೇ ಕೊಟ್ಟಿದ್ದೇನೆ, ಅದು ಅವರನ್ನು ಎತ್ತಿ ನಿಲ್ಲಿಸಿದ್ದನ್ನೂ ನೋಡಿದ್ದೇನೆ. ಆದರೂ ಪ್ರತಿ ಸಲ ಕೊಡುವಾಗ, ಆ ತಾಯಿ ಬೇಡವೆಂದಿದ್ದರಲ್ಲ ಎಂಬ ನೆನಪು ಮುಳ್ಳಿನಂತೆ ಚುಚ್ಚುತ್ತದೆ. ಫಲ ಒಳ್ಳೆಯದಾದ ಮಾತ್ರಕ್ಕೆ ಬೇಡಿಕೆ ಸುಳ್ಳಾಗುವುದಿಲ್ಲ. ಸತ್ತವರ ಮಾತಿನ ಬಲ ಕಾಲ ಸರಿದಂತೆ ತಗ್ಗುತ್ತದೆ, ಉಳಿದವರ ಅಗತ್ಯದ ಬಲ ಏರುತ್ತದೆ ಎನ್ನುವುದಾದರೆ, ಆ ತಕ್ಕಡಿಯನ್ನು ಹಿಡಿಯುವವರಿಗೆ ಸ್ವಂತ ಲಾಭವಿರಬಾರದು ಎಂದಷ್ಟೇ ಹೇಳಬಲ್ಲೆ.

ಮತ್ತೆ ಅಭಿಮಾನಿಗಳ ಬಳಿಗೆ ಬರೋಣ. 2016ರಲ್ಲಿ 1966ರ ಪ್ರವಾಸದ ಕಛೇರಿಗಳು ಮೂವತ್ತಾರು ಸಿಡಿಗಳಲ್ಲಿ ಬಂದವು. ಮುಖ್ಯ ಮುದ್ರಣ ಸಿಗದ ಕೆಲವು ರಾತ್ರಿಗಳಿಗೆ, ಅಂದು ನಿಷಿದ್ಧವಾಗಿದ್ದ ಪ್ರೇಕ್ಷಕರ ಟೇಪುಗಳನ್ನೇ ಕಂಪನಿ ಬಳಸಿಕೊಂಡಿತು. 2024ರಲ್ಲಿ 1974ರ ಪ್ರವಾಸ ಇಪ್ಪತ್ತೇಳು ಸಿಡಿಗಳಲ್ಲಿ ಬಂದಿತು. ಒಂದೇ ಹಾಡು ಇಪ್ಪತ್ತು ಸಲ. ಇದನ್ನೆಲ್ಲ ಕೊಂಡವರು ಪೂರ್ತಿ ಕೇಳಿದರೇ? ಕೆಲವರು ಕೇಳಿದ್ದಾರೆ, ನಿಜವಾಗಿ ಕೇಳಿದ್ದಾರೆ. ಅವರ ಮಾತುಗಳಲ್ಲಿ ಅದು ಗೊತ್ತಾಗುತ್ತದೆ. ಇನ್ನು ಕೆಲವರಿಗೆ ಸಂಗ್ರಹವೇ ಗುರಿಯಾಗಿ, ಕಪಾಟಿನಲ್ಲಿ ಒಂದು ರಾತ್ರಿ ಕಡಿಮೆಯಾದರೆ ನಿದ್ದೆ ಬಾರದು. ಕಣಜ ದೊಡ್ಡದು ಮಾಡಿಕೊಂಡವನ ಸಾಮತಿಯನ್ನು ನೀವು ಬಲ್ಲಿರಿ. ಲೋಭಕ್ಕೆ ನಾಣ್ಯವೇ ಬೇಕೆಂದಿಲ್ಲ. ಹಾಡು, ಪುಸ್ತಕ, ಪ್ರಾರ್ಥನೆಯ ಎಣಿಕೆ ಯಾವುದಾದರೂ ಆದೀತು.

ಇತ್ತೀಚಿನ ವರ್ಷಗಳಲ್ಲಿ ಎಂಬತ್ತು ದಾಟಿದ ಡಿಲನ್ ತಮ್ಮ ಅನೇಕ ಕಛೇರಿಗಳಲ್ಲಿ ಒಂದು ನಿಯಮ ತಂದರು. ಬಾಗಿಲಲ್ಲಿ ಪ್ರತಿಯೊಬ್ಬರೂ ತಮ್ಮ ಮೊಬೈಲ್ ಫೋನನ್ನು ಬೀಗ ಬೀಳುವ ಪುಟ್ಟ ಚೀಲದೊಳಗೆ ಹಾಕಬೇಕು. ಚೀಲ ನಿಮ್ಮ ಕೈಯಲ್ಲೇ ಇರುತ್ತದೆ, ಆದರೆ ಕಛೇರಿ ಮುಗಿದು ಹೊರಗೆ ಬರುವವರೆಗೆ ತೆರೆಯದು. ಇದು ಅಹಂಕಾರವೆಂದು ಕೆಲವರು ರೇಗಿದರು. ಅನೇಕರು ಸಂತೋಷಪಟ್ಟರು: ಮುಂದಿನ ಸಾಲಿನ ಎತ್ತಿದ ಕೈಗಳೂ ಹೊಳೆಯುವ ಪರದೆಗಳೂ ಇಲ್ಲದೆ, ಒಬ್ಬ ಮುದುಕ ಪಿಯಾನೋ ಹಿಂದೆ ಕುಳಿತು ಹಾಡುವುದನ್ನು ಅವರು ಕಣ್ಣಾರೆ ಕಂಡರು. ನಿಮ್ಮ ಮಗಳ ಮದುವೆಯನ್ನು ನೀವು ಕಂಡದ್ದು ಕಣ್ಣಿನಿಂದಲೋ ಫೋನಿನಿಂದಲೋ ಎಂದು ನಾನು ಕೇಳುವುದಿಲ್ಲ. ಆ ರಾತ್ರಿಗಳ ಟೇಪುಗಳೂ ಹೇಗೋ ಹೊರಬಂದಿವೆ ಎಂಬುದೂ ನಿಜ. ಅಂಗಿಯೊ‌ಳಗಿನ ಪೀಳಿಗೆ ಅಳಿದಿಲ್ಲ. ಆದರೆ ಹೆಚ್ಚಿನವರು ಬರಿಗೈಯಲ್ಲಿ ಹೊರಗೆ ಬರುತ್ತಾರೆ. ಚೀಲ ತೆರೆಸಿಕೊಳ್ಳಲು ಸಾಲಿನಲ್ಲಿ ನಿಂತವರು ಪಕ್ಕದ ಅಪರಿಚಿತರನ್ನು, ಮೂರನೆಯದಾಗಿ ಹಾಡಿದ್ದು ಯಾವುದು, ಆ ಕೊನೆಯ ಚರಣದ ಮಾತುಗಳನ್ನು ಬದಲಾಯಿಸಿದರಲ್ಲವೇ ಎಂದು ಕೇಳುತ್ತಾರೆ. ಒಬ್ಬರು ಹೌದೆನ್ನುತ್ತಾರೆ, ಇನ್ನೊಬ್ಬರು ಇಲ್ಲವೆನ್ನುತ್ತಾರೆ.